ಟೈಲನಾಲ್ ನುಂಗಿ ಡ್ಯೂಟಿಗೆ

ಮಗುವಿನ ಮೈ ನೂರು ಡಿಗ್ರಿ ದಾಟಿದರೆ ಮನೆಯವರಿಗೆ ಫೋನು. ತಕ್ಷಣ ಬಂದು ಕರೆದುಕೊಂಡು ಹೋಗಬೇಕು. ಜ್ವರ ಬಿಟ್ಟು 24 ಗಂಟೆ ಆಗುವ ತನಕ ವಾಪಸ್ ಕಳಿಸುವ ಹಾಗಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ನಾನು ಕೆಲಸಕ್ಕಿದ್ದ ಡೇಕೇರ್‌ನ ಬಾಗಿಲಿಗೆ ಈ ನಿಯಮ ಅಂಟಿಸಿದ್ದರು. ಟೀಚರ್‌ಗೆ ಜ್ವರ ಬಂದರೆ? ಅದಕ್ಕೆ ಯಾವ ಚೀಟಿಯೂ ಇರಲಿಲ್ಲ.

2015ರಲ್ಲಿ ಎಚ್-4 ವೀಸಾದ, ಅಂದರೆ ಅಲ್ಲಿ ಕೆಲಸಕ್ಕೆ ಹೋದವರ ಹೆಂಡತಿ ಅಥವಾ ಗಂಡನಿಗೆ ಸಿಗುವ ವೀಸಾದ, ಕೆಲವರಿಗೆ ಕೆಲಸದ ಪರ್ಮಿಟ್ ಕೊಡಲು ಶುರು ಮಾಡಿದರಲ್ಲ, ಆಮೇಲೆ ಸೇರಿದವಳು ನಾನು. ಗಂಟೆಗೆ 11 ಡಾಲರ್. ಬರದ ದಿನ ಸೊನ್ನೆ. ಗಂಡನ ಸಾಫ್ಟ್‌ವೇರ್ ಸಂಬಳ ಇತ್ತು, ನನಗೇನೋ ನಡೀತಿತ್ತು. ನನ್ನ ಜೊತೆಯ ಟೀಚರ್‌ಗೆ ಹಾಗಲ್ಲ. ಒಬ್ಬಳೇ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಎರಡು ದಿನ ಮನೆಯಲ್ಲಿ ಮಲಗಿದರೆ ಬಾಡಿಗೆಗೆ ಕೈಸಾಲ.

2018ರ ಜನವರಿಯಲ್ಲಿ ಫ್ಲೂ ಜೋರಾಗಿತ್ತು. ಅವಳು ಬೆಳಿಗ್ಗೆ ಏಳಕ್ಕೆ ಜ್ವರ ಇಳಿಸುವ ಮಾತ್ರೆ ಟೈಲನಾಲ್ ನುಂಗಿ ಬರುವಳು, ಹನ್ನೊಂದಕ್ಕೆ ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ನಿಂತು ಇನ್ನೊಂದು. ಕೈ ತೊಳೆದುಕೊಂಡು, ಕೆಂಪು ಕಣ್ಣಲ್ಲೇ ಎಳೆಕೂಸುಗಳಿಗೆ ಸೇಬಿನ ಹಣ್ಣಿನ ಗಂಜಿ ತಿನ್ನಿಸುವಳು. ನಾನು ನೋಡಿಯೂ ಸುಮ್ನಿದ್ದೆ. ಅದರ ಹಿಂದಿನ ವರ್ಷ ನಾನೂ ಅದನ್ನೇ ಮಾಡಿದ್ದೆ.

ಫೆಬ್ರವರಿ 15, ಗುರುವಾರ. ಸಂಬಳದ ಸಿಕ್ ಲೀವ್ ಬಗ್ಗೆ ಸಿಟಿ ಕೌನ್ಸಿಲ್‌ನಲ್ಲಿ ಚರ್ಚೆ. ನಾನು ಮಾತಾಡಲ್ಲ, ಜೊತೆಗೆ ಬರ್ತೀನಿ ಅಷ್ಟೇ ಎಂದು ಅವಳ ಕಾರು ಹತ್ತಿದೆ. ಸಿಟಿ ಹಾಲ್ ತುಂಬಿತ್ತು. ಗ್ರೆಗ್ ಕಸಾರ್ ಎಂಬ ಸದಸ್ಯರು ಮುಂದಿಟ್ಟಿದ್ದ ಲೆಕ್ಕ ಸರಳವಾಗಿತ್ತು: 30 ಗಂಟೆ ದುಡಿದರೆ ಒಂದು ಗಂಟೆ ರಜೆ. ದೊಡ್ಡ ಜಾಗಗಳಲ್ಲಿ ವರ್ಷಕ್ಕೆ 64 ಗಂಟೆ, 15 ಅಥವಾ ಅದಕ್ಕಿಂತ ಕಮ್ಮಿ ಜನರಿದ್ದರೆ 48.

ಒಬ್ಬ ಹೋಟೆಲ್ ಮಾಲೀಕ ಎದ್ದು, ಇದನ್ನು ಹೊರುವ ಶಕ್ತಿ ನನಗಿಲ್ಲ ಎಂದ. ಪಕ್ಕದವರು ಗೊಣಗಿದರು. ನನಗೆ ಮಾತ್ರ ನಮ್ಮಪ್ಪನ ನೆನಪಾಯಿತು. ದಾವಣಗೆರೆಯಲ್ಲಿ ನಮ್ಮದು ಪುಟ್ಟ ಬಟ್ಟೆ ಅಂಗಡಿ, ಇಬ್ಬರು ಕೆಲಸದವರು. ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ಕಾಯಿಲೆ ಕಸಾಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಇದೆ. ಅಪ್ಪ ಕೊಡುತ್ತಿದ್ದರಾ? ಇಲ್ಲ. ಸಂಜೆ ಗಲ್ಲಾಪೆಟ್ಟಿಗೆ ಎಣಿಸುವಾಗ ಅವರ ಮುಖ ನೋಡಿದವಳು ನಾನು, ಬೈಯೋಕೂ ಬಾಯಿ ಬರಲ್ಲ. ಆದರೆ ಜ್ವರದಲ್ಲೇ ಏಣಿ ಹತ್ತಿ ಸೀರೆ ಇಳಿಸುತ್ತಿದ್ದ ಆ ಹುಡುಗನನ್ನೂ ನೋಡಿದ್ದೀನಲ್ಲ.

ರಾತ್ರಿ ಹತ್ತರ ಮೇಲೆ ನನ್ನ ಜೊತೆಯ ಟೀಚರ್ ಹೆಸರು ಕೂಗಿದರು. ಬರೆದುಕೊಂಡು ಬಂದಿದ್ದ ಹಾಳೆ ಮಡಚಿಯೇ ಇತ್ತು. "ಹೋದ ತಿಂಗಳು ನಮ್ಮ ರೂಮಿನಲ್ಲಿ ಐದು ಕೂಸುಗಳಿಗೆ ಫ್ಲೂ ಬಂತು. ಹಚ್ಚಿದ್ದು ನಾನೇ ಇರಬಹುದು," ಎಂದಳು. ಮತ್ತೇನೂ ಹೇಳದೆ ಬಂದು ಕೂತಳು.

ನಡುರಾತ್ರಿ ದಾಟಿದ ಮೇಲೆ ವೋಟು. 9ಕ್ಕೆ 2, ಪಾಸ್. ಅಮೆರಿಕದ ದಕ್ಷಿಣ ಭಾಗದಲ್ಲಿ ಇಂಥದ್ದು ಮಾಡಿದ ಮೊದಲ ಊರು ನಮ್ಮದೇ ಎಂದು ಯಾರೋ ಕೂಗಿದರು. ಅವಳು ನನ್ನನ್ನು ತಬ್ಬಿಕೊಂಡಳು. ಬೆಳಿಗ್ಗೆ ಏಳಕ್ಕೆ ಇಬ್ಬರೂ ಡ್ಯೂಟಿಗೆ ಹಾಜರ್.

ಅಕ್ಟೋಬರ್ 1ಕ್ಕೆ ಜಾರಿಯಾಗಬೇಕಿತ್ತು. ಆಗಸ್ಟ್‌ನಲ್ಲೇ ಮೇಲ್ಮನವಿ ಕೋರ್ಟ್ ತಡೆ ಕೊಟ್ಟಿತು. ನವೆಂಬರ್‌ನಲ್ಲಿ ಬಂದ ತೀರ್ಪು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬರದ ದಿನಕ್ಕೂ ದುಡ್ಡು ಕೊಟ್ಟರೆ ಅದು ಕೂಲಿ ಹೆಚ್ಚಿಸಿದ ಹಾಗೆ, ಕನಿಷ್ಠ ಕೂಲಿ ವಿಷಯದಲ್ಲಿ ಟೆಕ್ಸಸ್ ರಾಜ್ಯದ ಕಾನೂನನ್ನು ಮೀರುವ ಅಧಿಕಾರ ಊರಿಗಿಲ್ಲ, ಎಂದು. 2020ರ ಜೂನ್‌ನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಕೇಸು ಕೇಳಲೂ ಒಪ್ಪಲಿಲ್ಲ.

ಅಷ್ಟು ಹೊತ್ತಿಗೆ ಕೋವಿಡ್ ಬಂದಿತ್ತು. ಡೇಕೇರ್ ಬಾಗಿಲಲ್ಲಿ ಮಕ್ಕಳ ಜೊತೆ ಈಗ ನಮ್ಮ ಹಣೆಗೂ ಥರ್ಮಾಮೀಟರ್ ಹಿಡಿಯುತ್ತಿದ್ದರು. ಕೇಂದ್ರ ಸರ್ಕಾರದ ತಾತ್ಕಾಲಿಕ ಕಾನೂನಿನಿಂದ ಕೋವಿಡ್ ಕಾರಣಕ್ಕೆ 80 ಗಂಟೆವರೆಗೆ ಸಂಬಳದ ರಜೆಯೂ ಸಿಕ್ಕಿತು. ಡಿಸೆಂಬರ್ 31ಕ್ಕೆ ಆ ಕಡ್ಡಾಯ ಮುಗಿಯಿತು. ಥರ್ಮಾಮೀಟರ್ ಮಾತ್ರ ಹಾಗೇ ಉಳಿಯಿತು. ಜನವರಿಯ ಒಂದು ಬೆಳಿಗ್ಗೆ ಕಾರಿನಲ್ಲಿ ಕೂತು ಅವಳು ಕೇಳಿದಳು, "ಟೈಲನಾಲ್ ಕೆಲಸ ಮಾಡೋಕೆ ಎಷ್ಟು ನಿಮಿಷ ಬೇಕು?"