ಆರನೇ ತಿಂಗಳಿಗೊಂದು ಜೀನ್ಸ್

ಮೇಜಿನ ಮೇಲೆ ಒಂದು ಹಳೆಯ ಜೀನ್ಸ್ ಇದೆ. ತೊಡೆಗೆ ಸರಿ, ಹಿಂಭಾಗಕ್ಕೂ ಸರಿ. ಗುಂಡಿ ಮಾತ್ರ ಕಾಜಾದಿಂದ ನಾಲ್ಕು ಬೆರಳು ದೂರ. ತೊಡುವವರಿಗೆ ಆರನೇ ತಿಂಗಳು. ಅರ್ಧ ದಿನ ಕೂತರೆ ಇದನ್ನು ಹೆರಿಗೆಯವರೆಗೂ ಬರುವಂತೆ ಮಾಡಬಹುದು. ಆದರೆ ಕತ್ತರಿ ಎತ್ತುವ ಮೊದಲು ಒಂದು ಲೆಕ್ಕ ಮುಗಿಯಬೇಕು: ಸೊಂಟವೇ ಇಲ್ಲವಾದ ಮೇಲೆ ಬಟ್ಟೆ ಯಾವುದನ್ನು ಹಿಡಿದು ನಿಲ್ಲುತ್ತದೆ? ಬಸುರಿಯರ ಉಡುಪು ಕಾಲಕಾಲಕ್ಕೆ ಬದಲಾದದ್ದಕ್ಕೆ ನಾಚಿಕೆ ಕಳೆದದ್ದೇ ಕಾರಣ ಎನ್ನುತ್ತಾರೆ. ಹೊಲಿಯುವವರ ಕಣ್ಣಿಗೆ ಕಾಣುವುದು ಬೇರೆ: ಬದಲಾದದ್ದು ಬಟ್ಟೆಯ ಆಸರೆ.

19ನೇ ಶತಮಾನದ ಯುರೋಪಿನಲ್ಲಿ ಆಸರೆ ಕಾರ್ಸೆಟ್ಟಿನದು, ಅಂದರೆ ಕಸೆ ಎಳೆದು ನಡು ಬಿಗಿಯುವ ಒಳಉಡುಪಿನದು. ಬಸುರಿಯರಿಗೆಂದು ಮಾಡಿದ ಕಾರ್ಸೆಟ್ಟಿಗೆ ಪಕ್ಕಗಳಲ್ಲೂ ಕಸೆ ಇರುತ್ತಿತ್ತು, ಹೊಟ್ಟೆ ಬೆಳೆದಂತೆ ಸಡಿಲಿಸುತ್ತ ಹೋಗಬೇಕು. 1904ರ ಸುಮಾರಿಗೆ ನ್ಯೂಯಾರ್ಕಿನ ಉಡುಪು ಹೊಲಿಯುವ ಲೆನಾ ಬ್ರಯಂಟ್ ರವಿಕೆಯ ಭಾಗಕ್ಕೂ ನೆರಿಗೆಯ ಲಂಗಕ್ಕೂ ನಡುವೆ ಎಲಾಸ್ಟಿಕ್ ಪಟ್ಟಿ ಕೂರಿಸಿದರು. ಭಾರ ಹೆಗಲಿಗೆ ಹೋಯಿತು, ನಡು ಹಿಗ್ಗಲು ಜಾಗ ಸಿಕ್ಕಿತು. ಉಡುಪು ಮಾರಾಟವಾದರೂ ಅದರ ಜಾಹೀರಾತನ್ನು ಪತ್ರಿಕೆಗಳು ಮುಟ್ಟಲಿಲ್ಲ; 'ನ್ಯೂಯಾರ್ಕ್ ಹೆರಾಲ್ಡ್' ಒಪ್ಪಿದ್ದು 1911ರಲ್ಲಿ.

ಈಗ ಜೀನ್ಸಿಗೆ. ಗುರುತು ಹಾಕುವುದು ತೊಟ್ಟವರ ಮೈಮೇಲೆಯೇ, ಮೇಜಿನ ಮೇಲಲ್ಲ. ಜಿಪ್ ಅರ್ಧ ಬಿಟ್ಟು, ಹೊಟ್ಟೆಯ ಕೆಳಗಿನ ಮಡಿಕೆಯುದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆಯಿರಿ. ನಿಂತಾಗ ಒಮ್ಮೆ, ಕುರ್ಚಿಯಲ್ಲಿ ಕೂತಾಗ ಇನ್ನೊಮ್ಮೆ. ಎರಡು ಗೆರೆಗೂ ವ್ಯತ್ಯಾಸ ಬಂದೇ ಬರುತ್ತದೆ, ಕೆಳಗಿನದನ್ನೇ ನಂಬಿ. ಮೇಲಿನದನ್ನು ಹಿಡಿದು ಕತ್ತರಿಸಿದರೆ ಕೂತಾಗಲೆಲ್ಲ ದಪ್ಪ ಡೆನಿಮ್ ಮಡಚಿ ಹೊಟ್ಟೆಯ ಬುಡಕ್ಕೆ ಒತ್ತುತ್ತದೆ. ಗೆರೆ ಪಕ್ಕದ ಹೊಲಿಗೆಯ ಕಡೆ ಏರುತ್ತಾ ಹೋಗಿ, ಹಿಂದೆ ಬೆಲ್ಟ್ ಪಟ್ಟಿಯ ಕೆಳಗೆ ಮುಗಿಯಬೇಕು. ಹೊಲಿಗೆಗೆಂದು ಮೇಲೆ 1.5 ಸೆಂ.ಮೀ. ಬಿಡಿ.

ಜಿಪ್ಪನ್ನು ಮುಚ್ಚಿ, ಗೆರೆಯ ಕೆಳಗೆ ಅಡ್ಡಡ್ಡ ನಾಲ್ಕೈದು ಸಲ ಹೊಲಿದು ಬಂದ್ ಮಾಡಿದ ಮೇಲೆಯೇ ಕತ್ತರಿ. ಲೋಹದ ಜಿಪ್ ಆದರೆ ಹೊಲಿಗೆ ಹಾಯುವ ಜಾಗದ ಹಲ್ಲುಗಳನ್ನು ಇಕ್ಕಳದಿಂದ ಮೊದಲೇ ಕಿತ್ತುಬಿಡಿ. ಇಲ್ಲದಿದ್ದರೆ ಸೂಜಿ ಮುರಿಯುತ್ತದೆ, ಚೂರು ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಕತ್ತರಿಸಿ ಮುಗಿದ ಜೀನ್ಸಿನ ಮುಂದೆ ದೊಡ್ಡದೊಂದು ಕಿಟಕಿ. 1938ರಲ್ಲಿ ಅಮೆರಿಕದ ಡಲ್ಲಾಸ್‌ನ ಎಲ್ಸಿ ಫ್ರಾಂಕ್‌ಫರ್ಟ್ ತನ್ನ ಬಸುರಿ ಸೋದರಿಯ ಸ್ಕರ್ಟಿಗೆ ಮಾಡಿದ್ದು ಇದನ್ನೇ: ಹೊಟ್ಟೆಯ ಜಾಗದ ಬಟ್ಟೆಯನ್ನು ತೆಗೆದೇಬಿಟ್ಟರು. ಸ್ಕರ್ಟು ನೇರವಾಗಿ ಇಳಿಯಿತು, ಮುಂದಿನ ಅಂಚು ಮೇಲೇಳಲಿಲ್ಲ. ಆದರೆ ತೂತಿನ ಮೇಲೆ ಏನಾದರೂ ಮುಚ್ಚಲೇಬೇಕಲ್ಲ! ಅದಕ್ಕೇ ಉದ್ದನೆಯ ಸಡಿಲ ಅಂಗಿ. ಆ ಕಾಲದ ಡೇರೆಯಂಥ ಮೇಲಂಗಿಗಳನ್ನು ಕಂಡು ನಗುವವರು ಒಳಗಿನ ಕಿಟಕಿಯನ್ನು ಮರೆಯುತ್ತಾರೆ.

ನಾವು ಕಿಟಕಿಗೆ ಹಿಗ್ಗುವ ಬಟ್ಟೆಯ ಅಗಲ ಪಟ್ಟಿಯನ್ನು, ಅಂದರೆ ಪ್ಯಾನೆಲ್ಲನ್ನು, ಜೀನ್ಸಿನ ಬಾಯಿಯ ಸುತ್ತಲೂ ಕೂರಿಸುತ್ತೇವೆ. ಅದಕ್ಕೆ ದಾರಿ ಮಾಡಿದ್ದು 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್ ನೂಲು. ಪ್ಯಾನೆಲ್ಲಿಗೆ ಬೇಕಾದದ್ದು ಹೆಣೆದ ಹತ್ತಿ ಬಟ್ಟೆ, ಅದರಲ್ಲಿ ಶೇ. 5ರಿಂದ 8 ಸ್ಪ್ಯಾಂಡೆಕ್ಸ್. ಚೀಟಿ ನೋಡಿ ಸುಮ್ಮನಾಗಬೇಡಿ, ಕೈಯಲ್ಲಿ ಪರೀಕ್ಷಿಸಿ: 10 ಸೆಂ.ಮೀ. ತುಂಡು ಎಳೆದರೆ 15ಕ್ಕೆ ಬರಬೇಕು, ಬಿಟ್ಟರೆ ಮತ್ತೆ 10ಕ್ಕೆ ಇಳಿಯಬೇಕು. ಹಿಗ್ಗುವುದಕ್ಕಿಂತ ಹಿಂದಿರುಗುವುದು ಮುಖ್ಯ. ಹಿಗ್ಗಿ ಅಲ್ಲೇ ನಿಂತುಬಿಡುವ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಜಾರುತ್ತದೆ, ಪ್ಯಾಂಟೂ ಅದರ ಜೊತೆ.

ಹೊಕ್ಕುಳಿನ ಮಟ್ಟದ ಸುತ್ತಳತೆ 100 ಸೆಂ.ಮೀ. ಇದ್ದರೆ ಪ್ಯಾನೆಲ್ಲಿನ ಮೇಲಂಚಿಗೆ 85ರಿಂದ 90 ಇಡಿ. ಇನ್ನೂ ಬಿಗಿ ಮಾಡಿದರೆ ಊಟವಾದ ಮೇಲೆ ಕೂರಲಾಗದು. ಮಡಚಿ ಸಿದ್ಧವಾದ ಮೇಲೆ ಎತ್ತರ 24 ಸೆಂ.ಮೀ. ಇದ್ದರೆ ಹೊಟ್ಟೆ ಪೂರ್ತಿ ಮುಚ್ಚುತ್ತದೆ. ಮೇಲಂಚಿಗೆ ಸಣ್ಣ ಎಲಾಸ್ಟಿಕ್ ಹಾಕುವ ಚಪಲ ಬೇಡ. 1 ಸೆಂ.ಮೀ. ಎಲಾಸ್ಟಿಕ್ ಹಗ್ಗದಂತೆ ಸುತ್ತಿಕೊಂಡು ಚರ್ಮ ಕೊರೆಯುತ್ತದೆ. ಬಟ್ಟೆಯನ್ನೇ ಎರಡು ಪದರ ಮಾಡಿ, ಮಡಿಕೆ ಮೇಲೆ ಬರುವಂತೆ ಬಿಟ್ಟರೆ ಅದೇ ಅಂಚು.

ಜೋಡಿಸುವಾಗ ಜೀನ್ಸಿನ ಬಾಯನ್ನೂ ಪ್ಯಾನೆಲ್ಲಿನ ಕೆಳಂಚನ್ನೂ ನಾಲ್ಕು ಸಮಭಾಗ ಮಾಡಿ, ಗುರುತಿಗೆ ಗುರುತು ಕೂಡಿಸಿ ಪಿನ್ ಚುಚ್ಚಿ. ಹೊಲಿಯುವಾಗ ಪ್ಯಾನೆಲ್ಲನ್ನಷ್ಟೇ ಎಳೆಯಿರಿ, ಡೆನಿಮ್ ಎಳೆದರೆ ಬಾಯಿ ಅಲೆಅಲೆಯಾಗುತ್ತದೆ. 90ನೇ ನಂಬರಿನ ಸ್ಟ್ರೆಚ್ ಸೂಜಿ, 1 ಮಿ.ಮೀ. ಅಗಲ, 2.5 ಮಿ.ಮೀ. ಉದ್ದದ ಝಿಗ್‌ಝ್ಯಾಗ್. ನೇರ ಹೊಲಿಗೆ ಹಾಕಿದಿರೋ, ಮೊದಲ ಸಲ ಹಾಕಿಕೊಳ್ಳುವಾಗಲೇ 'ಟಪ್' ಎಂದು ದಾರ ಕಿತ್ತು ಬರುತ್ತದೆ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ.

ಇನ್ನು ಮೇಲಂಗಿ. ಎರಡು ಸೈಜ್ ದೊಡ್ಡದು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಹೊಟ್ಟೆ ಬೆಳೆಯುತ್ತದೆ, ಎದೆ ತುಂಬುತ್ತದೆ, ಪಕ್ಕೆಲುಬು ಕೂಡ ಹಿಗ್ಗುತ್ತವೆ. ಹೆಗಲು ಮಾತ್ರ ಹಾಗೇ ಇರುತ್ತದೆ. ದೊಡ್ಡ ಅಂಗಿಯ ಹೆಗಲ ಹೊಲಿಗೆ ತೋಳಿಗೆ ಇಳಿಯುತ್ತದೆ, ಕತ್ತು ಬಾಯಿಬಿಡುತ್ತದೆ, ಇಷ್ಟಾದರೂ ಮುಂದಿನ ಅಂಚು ಮೇಲೇ. ಬೇಕಾದದ್ದು ಅಗಲಕ್ಕಿಂತ ಮುಂಭಾಗದ ಉದ್ದ. ಮುಂದಿನ ತುಂಡನ್ನು ಹಿಂದಿನದಕ್ಕಿಂತ 6ರಿಂದ 8 ಸೆಂ.ಮೀ. ಉದ್ದ ಕತ್ತರಿಸಿ. ಪಕ್ಕದ ಹೊಲಿಗೆಯಲ್ಲಿ ಎದೆಯ ಕೆಳಗಿನಿಂದ ಸುಮಾರು ಒಂದು ಗೇಣಿನಷ್ಟು ಜಾಗದಲ್ಲಿ ಆ ಹೆಚ್ಚುವರಿಯನ್ನು ಸಣ್ಣ ಸುಕ್ಕುಗಳಾಗಿ ಸೇರಿಸಿ, ಹಿಂದಿನ ತುಂಡಿನ ಉದ್ದಕ್ಕೆ ತನ್ನಿ. ಸುಕ್ಕು ಮುಂದಿನ ತುಂಡಿಗೆ ಮಾತ್ರ. ತೊಟ್ಟವರು ಪಕ್ಕಕ್ಕೆ ತಿರುಗಿ ನಿಂತಾಗ ಅಂಚು ನೆಲಕ್ಕೆ ಸಮಾನಾಂತರವಾಗಿದ್ದರೆ ಲೆಕ್ಕ ಸರಿ.

ಈ ಸುಕ್ಕಿನ ಅಂಗಿ ಹೊಟ್ಟೆಗೆ ಅಂಟಿ ನಿಲ್ಲುತ್ತದೆ. ಹಿಂದೆ ಇದನ್ನು ಯಾರೂ ಕೇಳುತ್ತಿರಲಿಲ್ಲ. 1952ರಲ್ಲಿ ನಟಿ ಲುಸಿಲ್ ಬಾಲ್ ಬಸುರಿಯಾಗಿಯೇ ಅಮೆರಿಕದ ಟಿವಿಯಲ್ಲಿ ನಟಿಸಿದಾಗ ಆ ಧಾರಾವಾಹಿಯಲ್ಲಿ 'ಬಸುರಿ' ಎಂಬ ಪದವನ್ನೇ ಆಡಲಿಲ್ಲ. 1982ರಲ್ಲಿ ಬಸುರಿಯಾಗಿದ್ದ ಬ್ರಿಟನ್ನಿನ ರಾಜಕುಮಾರಿ ಡಯಾನಾ ತೊಟ್ಟದ್ದೂ ಹೆಗಲಿಂದ ತೂಗುವ ಸಡಿಲ ಉಡುಪುಗಳನ್ನೇ. 1991ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಯ ಮುಖಪುಟಕ್ಕೆ ಬಸುರಿ ನಟಿ ಡೆಮಿ ಮೂರ್ ಬಟ್ಟೆಯಿಲ್ಲದೆ ನಿಂತರು. 2022ರಲ್ಲಿ ಬಸುರಿಯಾಗಿದ್ದ ಗಾಯಕಿ ರಿಹಾನ್ನಾ ಗುಲಾಬಿ ಕೋಟಿನ ಕೆಳಗುಂಡಿಗಳನ್ನು ಬಿಟ್ಟು ಹೊಟ್ಟೆ ಕಾಣುವಂತೆ ಬೀದಿಗೆ ಬಂದರು. ಆ ಕೋಟು ಬಸುರಿಯರಿಗೆಂದು ಹೊಲಿದದ್ದಲ್ಲ. ಹೊಟ್ಟೆಯನ್ನು ಮುಚ್ಚಬೇಕಿಲ್ಲವೆಂದರೆ ಭುಜದ ಅಳತೆಗೆ ಸರಿಹೋಗುವ ಯಾವ ಕೋಟಾದರೂ ನಡೆದೀತು.

ಮೇಜಿನ ಮೇಲಿನ ಜೀನ್ಸಿನಲ್ಲಿ ಉಳಿದದ್ದು ಜೇಬು. ಜೇಬಿನ ಚೀಲ ತೂಗುವುದು ಬೆಲ್ಟ್ ಪಟ್ಟಿಯಿಂದ. ಪಟ್ಟಿ ಹೋದರೆ ಚೀಲಕ್ಕೂ ಆಸರೆಯಿಲ್ಲ. ಅಂಗಡಿಯ ಎಷ್ಟೋ ಬಸುರಿ ಪ್ಯಾಂಟುಗಳಲ್ಲಿ ಜೇಬಿನ ಗೆರೆ ಇದ್ದು ಜೇಬೇ ಇರುವುದಿಲ್ಲ, ಕೆಲಸ ಉಳಿಸುವ ಉಪಾಯ. ಚೀಲದ ಮೇಲ್ತುದಿಯನ್ನು ಪ್ಯಾನೆಲ್ಲಿನ ಹೊಲಿಗೆಯಲ್ಲೇ ಸೇರಿಸಿ, ಪಕ್ಕದ ಹೊಲಿಗೆಗೂ ಎರಡು ಟಾಕು ಹಾಕಿದರೆ ಕರವಸ್ತ್ರ, ಬೀಗದ ಕೈ ತಡೆಯುತ್ತದೆ. ಫೋನ್ ಇಡಬೇಡಿ, ಆ ಭಾರಕ್ಕೆ ಪ್ಯಾನೆಲ್ ಒಂದು ಕಡೆಗೆ ಎಳೆಯುತ್ತದೆ.