ಈಸ್ಟರ್ ಕಾರ್ಡ್‌ಗಳ ಡೈ ಕಟ್ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ ಕೊನೆ

ಈ ಸಲ, ಅಂದರೆ 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೇ ಬಂದಿದೆ. ಕಳೆದ ವರ್ಷ ಏಪ್ರಿಲ್ 20 ಇತ್ತು. ಮುಂದಿನ ವರ್ಷ ಇನ್ನೂ ಬೇಗ, ಮಾರ್ಚ್ 28. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆಯನ್ನು ಚರ್ಚಿನ ಲೆಕ್ಕದಲ್ಲಿ ಹಿಡಿಯುತ್ತಾರೆ. ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹಳೆಯ ಜೂಲಿಯನ್ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕುವ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈ ವರ್ಷದ ಈಸ್ಟರ್ ಏಪ್ರಿಲ್ 12ಕ್ಕೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಸಲದ ಇಡೀ ಯೋಜನೆ ಇದರ ಮೇಲೆ ನಿಂತಿದೆ. ಕಾರ್ಡ್‌ನ ಮೈಯಲ್ಲಿ ಬರೀ ವಸಂತ ಇರಬೇಕು: ಹೂ, ಎಲೆ, ಚಿಟ್ಟೆ, ಮೊಟ್ಟೆ. ಅಕ್ಷರಗಳ ಪಟ್ಟಿ ಮಾತ್ರ ಕಟ್ಟಕಡೆಗೆ ಅಂಟಿಸುವುದು. ಈಸ್ಟರ್ ಅಂತ ಅಂಟಿಸಿದರೆ ಈಸ್ಟರ್ ಕಾರ್ಡ್, ಇಲ್ಲದಿದ್ದರೆ ವಸಂತದ ಕಾರ್ಡ್. ಹಬ್ಬ ಮುಗಿದ ಮೇಲೆ ಉಳಿದವು ಡ್ರಾಯರ್‌ನಲ್ಲಿ ಕೊಳೆಯುವುದಿಲ್ಲ.

ಇನ್ನೊಂದು ನಿರ್ಧಾರ, ಡೈಗಳನ್ನು, ಅಂದರೆ ಕಾಗದವನ್ನು ಒಂದು ಆಕಾರಕ್ಕೆ ಕತ್ತರಿಸುವ ಹರಿತ ಅಂಚಿನ ಅಚ್ಚುಗಳನ್ನು, ಕಡಿಮೆ ಮಾಡುವುದು. ಡಬ್ಬಿ ತೆರೆದರೆ ಎಲ್ಲವನ್ನೂ ಒಂದೇ ಕಾರ್ಡ್ ಮೇಲೆ ಸುರಿಯುವ ಆಸೆ ಆಗುತ್ತದೆ, ಅಲ್ವಾ? ಈ ಸಲ ಆರಿಸಿಕೊಂಡದ್ದು ಇಷ್ಟೇ: ಒಂದರೊಳಗೊಂದು ಕೂರುವ ಮೊಟ್ಟೆಯಾಕಾರದ ಡೈಗಳು, ಒಂದು ಲಿಲ್ಲಿ, ಐದು ಎಸಳಿನ ಸಣ್ಣ ಹೂ, ಎಲೆಗಳಿರುವ ಒಂದು ಟೊಂಗೆ, ಒಂದು ಚಿಟ್ಟೆ. ಮೊಲದ ಡೈ ಕೂಡ ಇದೆ. ಅದು ಮಕ್ಕಳ ಕಾರ್ಡ್‌ಗೆ ಮಾತ್ರ. ದೊಡ್ಡವರಿಗೆ ಮೊಲ ಕಳಿಸಬಾರದು ಅಂತೇನಿಲ್ಲ, ಆದರೆ ಲಿಲ್ಲಿಯ ಪಕ್ಕ ಅದು ಕೂತರೆ ಕಣ್ಣೆಲ್ಲ ಅದರ ಕಿವಿಗೇ ಹೋಗುತ್ತದೆ.

ಮಾರ್ಚ್ ಶುರು: ಕಾಗದ

ಡೈ ಕೆಲಸದಲ್ಲಿ ಕತ್ತರಿಸುವುದು ಯಂತ್ರ. ಚೆಂದ ಬರುವುದು ಕಾಗದದಿಂದ, ಮತ್ತು ಪದರಗಳ ನಡುವೆ ಬಿಡುವ ಸಂದಿನಿಂದ. ಈ ಕಂತಿನಲ್ಲಿ ಜಾಸ್ತಿ ಹೊತ್ತು ಹೋದದ್ದೂ ಈ ಎರಡಕ್ಕೇ.

ಕಾರ್ಡ್‌ನ ತಳಕ್ಕೆ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಬಿಳಿ ಕಾರ್ಡ್‌ಸ್ಟಾಕ್, ಅಂದರೆ ದಪ್ಪ ಕಾಗದ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ತುಂಡನ್ನೂ ಮಧ್ಯಕ್ಕೆ ಮಡಿಸಿದರೆ ಎ6 ಅಳತೆಯ ಕಾರ್ಡ್ ಸಿಗುತ್ತದೆ: 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರ. ಅದಕ್ಕೆ ಸಿ6 ಲಕೋಟೆ, 114 ಗುಣಿಸು 162. ಸುತ್ತ ಜಾಗ ಉಳಿಯುವುದರಿಂದ ಉಬ್ಬಿದ ಹೂಗಳಿಗೂ ತೊಂದರೆ ಇಲ್ಲ.

ಇಲ್ಲಿ ಕಾಗದದ ನಾರಿನ ದಿಕ್ಕು ನೋಡಬೇಕು. ಹಾಳೆಯನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ. ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಮಡಿಕೆಗೆ ಅದೇ ದಿಕ್ಕು. ನನ್ನ ಎ4 ಹಾಳೆಗಳಲ್ಲಿ ನಾರು ಉದ್ದಕ್ಕೆ ಹೋಗಿದೆ. ಹಾಗಾಗಿ ಮೇಲೆ ಹೇಳಿದಂತೆ ಕತ್ತರಿಸಿ ಎಡಪಕ್ಕದಲ್ಲಿ ಮಡಿಸಿದರೆ ಮಡಿಕೆ ನಾರಿನ ಜೊತೆಗೇ ಬರುತ್ತದೆ, ಬಿರುಕು ಬಿಡುವುದಿಲ್ಲ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ 105 ಗುಣಿಸು 297ರ ಪಟ್ಟಿ ಮಾಡಿ, ಮೇಲಿಂದ ಕೆಳಗೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಬಿಳಿ ಕಾಗದದಲ್ಲಿ ಅಷ್ಟು ಕಾಣದು, ಬಣ್ಣದ ಕಾಗದದಲ್ಲಿ ಮಡಿಕೆಯುದ್ದಕ್ಕೂ ಸುಕ್ಕು ಎದ್ದು ಕಾಣುತ್ತದೆ. ಎರಡೂ ರೀತಿಯಲ್ಲಿ ಎ6 ಕಾರ್ಡೇ ಬರುತ್ತದೆ, ಆದರೂ ಕೈಗೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಮಡಿಸುವ ಮೊದಲು ಗೆರೆ ಒತ್ತುವುದು, ಆಮೇಲೆ ಬೋನ್ ಫೋಲ್ಡರ್ ಅನ್ನುವ ಮೊಂಡು ಅಂಚಿನ ಕಡ್ಡಿಯಿಂದ ಉಜ್ಜುವುದು ಹೇಗೂ ಇದ್ದೇ ಇದೆ.

ಹೂ, ಎಲೆಗಳಿಗೆ 160ರಿಂದ 220 ಜಿಎಸ್‌ಎಂ. ಅದಕ್ಕಿಂತ ದಪ್ಪ ಇದ್ದರೆ ಸಣ್ಣ ಕೊರೆತಗಳು ಪೂರ್ತಿ ಕತ್ತರಿಸುವುದಿಲ್ಲ, ತೆಳು ಇದ್ದರೆ ಎಸಳಿಗೆ ಕೊಟ್ಟ ಬಾಗು ನಿಲ್ಲುವುದಿಲ್ಲ. ಇನ್ನೊಂದು ವಿಷಯ, ಕೆಲವು ಬಣ್ಣದ ಕಾಗದಗಳಲ್ಲಿ ಬಣ್ಣ ಬರೀ ಮೇಲ್ಮೈಯಲ್ಲಿ ಇರುತ್ತದೆ, ಒಳಗೆ ಬಿಳಿ. ಕತ್ತರಿಸಿದ ಅಂಚಿನಲ್ಲಿ ಆ ಬಿಳಿ ಗೆರೆ ಕಾಣುತ್ತದೆ. ಎಲೆಗೆ ಅದು ಚೆನ್ನಾಗಿಲ್ಲ. ಸಣ್ಣ ಹೂಗಳಿಗೆ ನನಗೆ ಇಷ್ಟವೇ ಆಯಿತು, ಎಸಳಿನ ಸುತ್ತ ತೆಳುವಾಗಿ ಗೆರೆ ಎಳೆದಂತೆ ಕಾಣುತ್ತದೆ.

ಮಿನುಗುವ ಗ್ಲಿಟರ್ ಕಾಗದ ಈ ಸಲ ಪೂರ್ತಿ ಹೊರಗೆ. ಡೈ ಮೇಲೆ, ಮೇಜಿನ ಮೇಲೆ, ಕೊನೆಗೆ ಕಾರ್ಡ್ ಬಿಡಿಸಿದವರ ಮಡಿಲಿಗೂ ಉದುರುವ ವಸ್ತು ಅದು. ಪ್ರೀತಿ ಇದ್ದವರಿಗೆ ಹಾಗೆ ಮಾಡಬಾರದು.

ಮಾರ್ಚ್ ಮೊದಲ ವಾರಾಂತ್ಯ: ಕತ್ತರಿಸುವುದು

ಕೈಯಿಂದ ತಿರುಗಿಸುವ ಯಂತ್ರ. ಕೆಳಗೆ ದಪ್ಪ ಹಲಗೆ, ಅದರ ಮೇಲೆ ಕಟಿಂಗ್ ಪ್ಲೇಟ್, ಅದರ ಮೇಲೆ ಕಾಗದ, ಕಾಗದದ ಮೇಲೆ ಹರಿತವಾದ ಅಂಚು ಕೆಳಗೆ ಬರುವಂತೆ ಡೈ, ಎಲ್ಲದರ ಮೇಲೆ ಇನ್ನೊಂದು ಪ್ಲೇಟ್. ಹಿಡಿಕೆ ತಿರುಗಿಸಿದರೆ ರೋಲರ್‌ಗಳ ನಡುವೆ ಹೋಗಿ ಆಚೆ ಬರುತ್ತದೆ. ಪ್ಲೇಟ್ ಚಟಚಟ ಅನ್ನುವುದು ಮಾಮೂಲು. ಪ್ರತಿ ಸಲವೂ ಪ್ಲೇಟ್‌ಗಳನ್ನು ತಿರುವಿ ಹಾಕುತ್ತಿದ್ದರೆ ಬೇಗ ಬಾಗುವುದಿಲ್ಲ. ಉದ್ದನೆಯ ನೇರ ಅಂಚಿರುವ ಡೈ ಆದರೆ ಸ್ವಲ್ಪ ಓರೆಯಾಗಿ ಇಡುವುದು ಒಳ್ಳೆಯದು. ಆಗ ಇಡೀ ಅಂಚು ಒಂದೇ ಸಲಕ್ಕೆ ರೋಲರ್‌ಗೆ ಸಿಕ್ಕಿ ಹಿಡಿಕೆ ಬಿಗಿಯಾಗುವುದಿಲ್ಲ.

ಟೊಂಗೆಯ ಡೈ ಸಣ್ಣ ಎಲೆಗಳಿಂದ ತುಂಬಿದೆ, ಕಾಗದ ಅದರೊಳಗೆ ಕಚ್ಚಿಕೊಳ್ಳುತ್ತದೆ. ಡೈಗೂ ಕಾಗದಕ್ಕೂ ನಡುವೆ ಒಂದು ತುಂಡು ಮೇಣದ ಕಾಗದ ಇಟ್ಟರೆ ಸಲೀಸಾಗಿ ಬಿಡುತ್ತದೆ. ಒಂದೇ ಮೂಲೆಯಲ್ಲಿ ಕತ್ತರಿಸದೇ ಉಳಿಯುತ್ತಿದ್ದರೆ, ಆ ಜಾಗಕ್ಕೆ ಮಾತ್ರ ಪ್ಲೇಟ್ ಕೆಳಗೆ ತೆಳು ಕಾಗದದ ತುಂಡೊಂದನ್ನು ಸೇರಿಸಿದರೆ ಸಾಕು. ಒತ್ತಡ ಜಾಸ್ತಿ ಮಾಡಬೇಕು ಅಂತ ಇಡೀ ಹಾಳೆ ತುರುಕಬೇಕಿಲ್ಲ, ಪ್ಲೇಟ್ ಬೇಗ ಹಾಳಾಗುತ್ತದೆ.

ಕತ್ತರಿಸಿದ ಮೇಲೆ ಉಳಿಯುವ ತೂತಿನ ಹಾಳೆಗಳನ್ನು ಎತ್ತಿಟ್ಟಿದ್ದೇನೆ. ಟೊಂಗೆಯಾಕಾರದ ತೂತನ್ನು ಬಿಳಿ ಕಾಗದದ ಮೇಲೆ ಇಟ್ಟು, ಬ್ರಷ್‌ನಲ್ಲಿ ತಿಳಿಹಸಿರು ಇಂಕ್ ತೆಗೆದುಕೊಂಡು ಸುತ್ತಿ ಸುತ್ತಿ ಹಚ್ಚಿದರೆ ಹಿನ್ನೆಲೆಗೆ ಮಸುಕಾದ ಎಲೆಗಳು ಬರುತ್ತವೆ. ಅದರ ಮೇಲೆ ನಿಜವಾದ ಡೈ ಕಟ್ ಟೊಂಗೆ ಕೂರಿಸಿದರೆ ಎರಡು ಮೂರು ಟೊಂಗೆ ಇದ್ದ ಹಾಗಾಗುತ್ತದೆ, ದಪ್ಪ ಮಾತ್ರ ಒಂದರದೇ.

ಮಾರ್ಚ್ ನಡು: ಲಿಲ್ಲಿ

ಅತಿ ಹೆಚ್ಚು ಕೂತು ಮಾಡಿದ್ದು ಇದನ್ನೇ. ಈಸ್ಟರ್ ಲಿಲ್ಲಿ ಅಂತ ಕರೆಯುವ ಬಿಳಿ ಹೂವಿನ ಸಸ್ಯಶಾಸ್ತ್ರದ ಹೆಸರು ಲಿಲಿಯಮ್ ಲಾಂಗಿಫ್ಲೋರಮ್. ಮೂಲ ಜಪಾನಿನ ದಕ್ಷಿಣ ದ್ವೀಪಗಳು. ಕಹಳೆಯಾಕಾರ, ಆರು ಎಸಳು, ಒಳಗೆ ಆರು ಕೇಸರ, ಕೇಸರದ ತುದಿ ಹಳದಿ.

ಈ ಕಹಳೆಯೇ ಕಷ್ಟ. ಕಾಗದದಲ್ಲಿ ಪೂರ್ತಿ ಸುತ್ತಿ ಕಹಳೆ ಮಾಡಿದರೆ ನೋಡಲು ಸೊಗಸು, ಲಕೋಟೆಗೆ ಹೋಗುವುದಿಲ್ಲ. ಚಪ್ಪಟೆಯಾಗಿ ಅಂಟಿಸಿದರೆ ನಕ್ಷತ್ರದಂತಾಗುತ್ತದೆ, ಲಿಲ್ಲಿ ಅನ್ನಿಸುವುದಿಲ್ಲ. ನಡುವಿನ ದಾರಿ ಹೀಗೆ: ಒಂದೇ ಡೈಯಲ್ಲಿ ಎರಡು ಹೂ ಕತ್ತರಿಸುವುದು. ಕೆಳಗಿನದರ ಎಸಳುಗಳ ತುದಿಯನ್ನು ಮಾತ್ರ ಹಿಂದಕ್ಕೆ ಬಾಗಿಸುವುದು. ಮೇಲಿನದರಿಂದ ಮೂರು ಎಸಳುಗಳನ್ನು ಒಂದು ಬಿಟ್ಟು ಒಂದರಂತೆ ತೆಗೆದುಹಾಕಿ, ಉಳಿದ ಮೂರನ್ನು ಫೋಮ್ ಮ್ಯಾಟ್ ಮೇಲಿಟ್ಟು ಗುಂಡು ತುದಿಯ ಕಡ್ಡಿಯಿಂದ ಬುಡದ ಹತ್ತಿರ ಒತ್ತುವುದು. ಮಧ್ಯ ತಗ್ಗಾಗುತ್ತದೆ, ಎಸಳು ತಾನೇ ಮೇಲೇಳುತ್ತದೆ. ಎರಡನ್ನೂ ನಡುವೆ ಮಾತ್ರ ಒಂದು ಹನಿ ಅಂಟಿನಿಂದ ಜೋಡಿಸುವುದು. ನಿಜವಾದ ಲಿಲ್ಲಿಯಲ್ಲೂ ಮೂರು ಒಳಗೆ, ಮೂರು ಹೊರಗೆ ಇರುತ್ತವೆ. ಹಾಗಾಗಿ ಕಣ್ಣಿಗೆ ಸರಿ ಅನ್ನಿಸುತ್ತದೆ.

ಆಮೇಲೆ ಬಣ್ಣ. ಬಿಳಿ ಹೂವನ್ನು ಬಿಳಿ ಕಾರ್ಡ್ ಮೇಲೇ ಇಟ್ಟಿದ್ದೇನೆ. ಮೊದಲು ತಿಳಿನೇರಳೆ, ತಿಳಿಹಸಿರು ಹಿನ್ನೆಲೆಗಳನ್ನೆಲ್ಲ ಕೆಳಗೆ ಇಟ್ಟು ನೋಡಿದೆ. ಹೂ ಸ್ಪಷ್ಟವಾಗಿ ಕಂಡಿತು, ಆದರೆ ಎಸಳಿನ ಬಾಗು ಮರೆಯಾಯಿತು. ಬಿಳಿ ಮೇಲೆ ಬಿಳಿ ಇಟ್ಟಾಗ ಕಾಣುವುದು ನೆರಳು ಮಾತ್ರ. ಬಾಗಿಸಿದ ಶ್ರಮವೆಲ್ಲ ಅಲ್ಲೇ ಇರುವುದು. ಕೇಸರಕ್ಕೆ ಹಳದಿ, ಎಲೆಗೆ ಮಂಕು ಹಸಿರು. ಬೇರೆ ಬಣ್ಣ ಇಲ್ಲ.

ದಪ್ಪದ ಲೆಕ್ಕ: ಹೂವಿನ ಕೆಳಗೆ 1 ಮಿ.ಮೀ. ಫೋಮ್ ಟೇಪ್, ಎಲೆಗಳು ನೇರವಾಗಿ ತಳಕ್ಕೆ. 2 ಮಿ.ಮೀ. ಫೋಮ್ ಕೂಡ ಹಾಕಿ ನೋಡಿದೆ. ನೆರಳು ಗಾಢವಾಗುತ್ತದೆ ನಿಜ, ಆದರೆ ಹೂ ಕಾರ್ಡ್‌ನಿಂದ ಬಿಟ್ಟುಹೋದಂತೆ ತೇಲುತ್ತದೆ, ಲಕೋಟೆಯೂ ಉಬ್ಬುತ್ತದೆ. 1 ಮಿ.ಮೀ. ಸಾಕು.

ಚಿಟ್ಟೆಗೆ ಫೋಮ್ ಬೇಕೇ ಇಲ್ಲ. ಮೈ ಮಾತ್ರ ಅಂಟಿಸಿ ರೆಕ್ಕೆ ಮೇಲಕ್ಕೆ ಮಡಿಸಿದರೆ ಮುಗಿಯಿತು. ಲಕೋಟೆಯೊಳಗೆ ಮಲಗುತ್ತದೆ, ಹೊರಗೆ ತೆಗೆದಾಗ ಅರ್ಧ ಏಳುತ್ತದೆ. ವೆಲ್ಲಂ, ಅಂದರೆ ಅರೆಪಾರದರ್ಶಕ ಕಾಗದದ ಚಿಟ್ಟೆಗೆ ಅಂಟು ಕಾಣುವ ಭಯ ಇರುತ್ತದಲ್ಲ, ಮೈ ಭಾಗಕ್ಕಷ್ಟೇ ಅಂಟು ಹಾಕಿ ಮೇಲೆ ಇನ್ನೊಂದು ತೆಳು ಕಾಗದದ ಮೈ ಕೂರಿಸಿದರೆ ಮುಚ್ಚಿಹೋಗುತ್ತದೆ.

ಅದೇ ವಾರ: ಮೊಟ್ಟೆ

ಎರಡು ಬಗೆ ಮಾಡುತ್ತಿದ್ದೇನೆ. ಒಂದರಲ್ಲಿ ಕಾರ್ಡೇ ಮೊಟ್ಟೆಯಾಕಾರ. ಮಡಿಸಿದ ಕಾಗದದ ಮೇಲೆ ಡೈ ಇಟ್ಟು, ಎಡಪಕ್ಕದ ಬಾಗು ಮಡಿಕೆಯಿಂದ ಸುಮಾರು 2 ಮಿ.ಮೀ. ಆಚೆ ಹೋಗುವಂತೆ ಸರಿಸಬೇಕು. ಆಚೆ ಹೋದ ಕಡೆ ಕತ್ತರಿಸಲು ಕಾಗದವೇ ಇರುವುದಿಲ್ಲ, ಮಡಿಕೆ ಉಳಿಯುತ್ತದೆ. 10 ಸೆಂ.ಮೀ. ಎತ್ತರ, 7 ಸೆಂ.ಮೀ. ಅಗಲದ ಮೊಟ್ಟೆಗೆ ಹೀಗೆ ಮಾಡಿದರೆ 3 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮಡಿಕೆ ಸಿಗುತ್ತದೆ. ಡೈ ಮಡಿಕೆಗೆ ಸುಮ್ನೆ ತಾಗುವಂತೆ ಇಟ್ಟರೆ ಎರಡು ಬೇರೆ ಬೇರೆ ಮೊಟ್ಟೆಗಳು ಕೈಗೆ ಬರುತ್ತವೆ. ಡೈ ಜಾರದಂತೆ ಮೆತ್ತಗೆ ಅಂಟುವ ಟೇಪ್ ಹಾಕಲೇಬೇಕು. ಎರಡು ಪದರ ಒಟ್ಟಿಗೆ ಕತ್ತರಿಸಬೇಕಾದ್ದರಿಂದ ಇದಕ್ಕೆ 300 ಬೇಡ, 220 ಜಿಎಸ್‌ಎಂ ಸರಿ. ಬುಡವನ್ನು ಒಂದಿಷ್ಟು ನೇರವಾಗಿ ಕತ್ತರಿಸಿದರೆ ಮೇಜಿನ ಮೇಲೆ ನಿಲ್ಲುತ್ತದೆ.

ಎರಡನೆಯದು ಒಳಕೂರಿಸುವ ಕೆಲಸ. ಬಿಳಿ ಹಾಳೆಯಲ್ಲಿ ಮೊಟ್ಟೆ ಕತ್ತರಿಸಿ ತೆಗೆದು, ಹಿಂದೆ ಎರಡೂ ಬದಿ ಅಂಟಿರುವ ಹಾಳೆ ಹಾಕಿ, ಅದೇ ಡೈಯಲ್ಲಿ ಬೇರೆ ಬಣ್ಣಗಳಲ್ಲಿ ಕತ್ತರಿಸಿದ ಮೊಟ್ಟೆಗಳನ್ನು ಅಲೆಯಾಕಾರದ ಪಟ್ಟಿಗಳಾಗಿ ಸೀಳಿ ಆ ತೂತಿನಲ್ಲಿ ಜೋಡಿಸುವುದು. ಎಲ್ಲ ಬಣ್ಣಗಳ ಮೇಲೂ ಡೈಯನ್ನು ಒಂದೇ ಜಾಗದಲ್ಲಿ ಇಟ್ಟು, ಅಲೆಯ ಗೆರೆಯೂ ಒಂದೇ ಕಡೆ ಬರುವಂತೆ ನೋಡಿಕೊಂಡರೆ ಪಟ್ಟಿಗಳು ಸಂದಿಲ್ಲದೆ ಕೂರುತ್ತವೆ. ದಪ್ಪ ಶೂನ್ಯ. ಅಂಚೆಗೆ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ಏಪ್ರಿಲ್ 12ಕ್ಕೆ ತಲುಪಬೇಕಾದ ಕಾರ್ಡ್‌ಗಳಲ್ಲಿ ಬಣ್ಣದ ಪಟ್ಟಿಗಳಿಲ್ಲದೆ ಇಡೀ ಮೊಟ್ಟೆ ಕೆಂಪು. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಮೊಟ್ಟೆಗೆ ಕೆಂಪು ಹಚ್ಚುತ್ತಾರೆ, ಅದು ಕ್ರಿಸ್ತನ ರಕ್ತದ ಗುರುತು. ಈ ಕೆಂಪು ಮೊಟ್ಟೆಯ ಕಾರ್ಡೇ ಇಡೀ ಕಂತಿನಲ್ಲಿ ಅತ್ಯಂತ ಸರಳ. ನನ್ನ ಕಣ್ಣಿಗೆ ಅತ್ಯಂತ ಚೆನ್ನಾಗಿರುವುದೂ ಅದೇ.

ಮಾರ್ಚ್ ಮೂರನೇ ವಾರ: ಅಕ್ಷರ, ಅಂಟು

ನನ್ನಲ್ಲಿರುವ ಅಕ್ಷರದ ಡೈಗಳೆಲ್ಲ ಇಂಗ್ಲಿಷಿನವು. ಅದೇ ಪದವನ್ನು ಮೂರು ಸಲ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಫೋಮ್ ಇಲ್ಲದೆಯೇ ಉಬ್ಬಿದ ಅಕ್ಷರ ಸಿಗುತ್ತದೆ. ಕೆಳಗಿನ ಎರಡಕ್ಕೆ ಯಾವ ಚಿಂದಿ ಕಾಗದವಾದರೂ ನಡೆಯುತ್ತದೆ, ಬಣ್ಣ ಮಾತ್ರ ಹೊಂದಬೇಕು.

ಕನ್ನಡಕ್ಕೆ ಬ್ರಷ್ ಪೆನ್. ‘ಈಸ್ಟರ್ ಹಬ್ಬದ ಶುಭಾಶಯಗಳು’ ಒಂದೇ ಸಾಲಿನಲ್ಲಿ 105 ಮಿ.ಮೀ. ಅಗಲಕ್ಕೆ ಹಿಡಿಸಲು ಹೋದರೆ ಒತ್ತಕ್ಷರಗಳು ಇರುಕಾಗುತ್ತವೆ. ಎರಡು ಸಾಲು ಮಾಡಿದೆ. ಮೊದಲು ಬರೆದು, ಒಣಗಿಸಿ, ಆಮೇಲೆ ಚೌಕಟ್ಟಿನ ಡೈಯನ್ನು ಬರಹದ ಸುತ್ತ ಸರಿಯಾಗಿ ಕೂರಿಸಿ ಕತ್ತರಿಸುವುದು. ಕತ್ತರಿಸಿದ ಪಟ್ಟಿಯೊಳಗೆ ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ. ಬರಹ ಒಂದಿಷ್ಟು ಓರೆಯಾದರೂ ಡೈಯನ್ನೂ ಅಷ್ಟೇ ಓರೆ ಮಾಡಿದರಾಯಿತು.

ಅಂಟಿನ ವಿಷಯಕ್ಕೆ ಬಂದರೆ, ಟೊಂಗೆಯಂಥ ಸಣ್ಣ ಕೆಲಸಕ್ಕೆ ಕತ್ತರಿಸುವ ಮೊದಲೇ ಕಾಗದದ ಹಿಂದೆ ಅಂಟು ಹಾಳೆ ಹಚ್ಚಿಬಿಡುವುದು ಸುಲಭ. ಉಳಿದದ್ದಕ್ಕೆ ಸೂಜಿಮೂತಿಯ ಬಾಟಲಿಯಲ್ಲಿ ಬಿಳಿ ಅಂಟು. ಅದು ಒಣಗುವ ತನಕ ತುಂಡನ್ನು ಸ್ವಲ್ಪ ಜರುಗಿಸಬಹುದು, ಅದೇ ಅದರ ಲಾಭ. ದೊಡ್ಡ ಮೇಲ್ಮೈಗೆ ಮಾತ್ರ ಬೇಡ, ನೀರಿನ ಅಂಶಕ್ಕೆ ಕಾಗದ ಬಾಗುತ್ತದೆ. ಅಲ್ಲಿ ಡಬಲ್ ಸೈಡ್ ಟೇಪ್.

ಈಗ

ಲಿಲ್ಲಿ ಕಾರ್ಡ್‌ಗಳು ಮುಗಿದಿವೆ, ಅಕ್ಷರ ಸಮೇತ. ಏಪ್ರಿಲ್ 5ಕ್ಕೆ ತಲುಪಬೇಕಾದವು ಲಕೋಟೆ ಸೇರಿವೆ. ಹೂವಿನ ಮೇಲೆ ತೆಳು ಕಾಗದದ ಒಂದು ಹಾಳೆ ಇಟ್ಟೇ ಮುಚ್ಚಿದ್ದೇನೆ, ಎಸಳು ಲಕೋಟೆಯ ಅಂಚಿಗೆ ಸಿಕ್ಕಿ ಹರಿಯಬಾರದಲ್ಲ. ಮೊಟ್ಟೆಯಾಕಾರದವು ಅರ್ಧಕ್ಕೆ ನಿಂತಿವೆ, ಒಳಪುಟಕ್ಕೆ ಅದೇ ಸೆಟ್‌ನ ಒಂದು ಅಳತೆ ಚಿಕ್ಕ ಡೈಯಲ್ಲಿ ಬರೆಯುವ ಹಾಳೆ ಕತ್ತರಿಸಬೇಕು. ಕೆಂಪು ಮೊಟ್ಟೆಗಳಿಗೆ ಇನ್ನೂ ಒಂದು ವಾರ ಇದೆ. ಚಿಟ್ಟೆಯ ಕಾರ್ಡ್‌ಗಳಿಗೆ ಯಾವ ಪಟ್ಟಿಯನ್ನೂ ಅಂಟಿಸಿಲ್ಲ, ಅವು ಹಬ್ಬ ಕಳೆದ ಮೇಲೆ ಹುಟ್ಟುಹಬ್ಬಕ್ಕೋ ಧನ್ಯವಾದಕ್ಕೋ ಹೋಗಲಿ. ಮೊಲದ ಡೈ ಇನ್ನೂ ಡಬ್ಬಿಯಲ್ಲೇ ಇದೆ. ಮಕ್ಕಳ ಕಾರ್ಡ್‌ಗಳನ್ನು ಮುಂದಿನ ಶನಿವಾರ ಶುರು ಮಾಡುತ್ತೇನೆ, ಕಿವಿಗೆ ತಿಳಿಗುಲಾಬಿ ಕಾಗದ ಸಾಲುತ್ತದಾ ಅಂತ ಮೊದಲು ನೋಡಬೇಕು.