ಪಡಸಾಲೆ ಟ್ಯಾಬು, ಭಾಗ 3: ಕದ ಹಾಕಿದರೂ ಫೋಟೊ ಸೋರಿದ್ದು ಎಲ್ಲಿಂದ?

ಕೊನೆಗೂ ಸೋರುವ ಜಾಗ ಸಿಕ್ಕಿತು. ಅದು ಟ್ಯಾಬಿನ ಒಳಗೆ ಇರಲೇ ಇಲ್ಲ.

ವ್ಯವಸ್ಥೆ ಹಳೆಯದೇ. ಕೊಪ್ಪಳದ ಮನೆ, ಪಡಸಾಲೆಯ ಕಪಾಟಿನಲ್ಲಿ ಎಲ್ಲರಿಗೂ ಸೇರಿ ಒಂದು ಆಂಡ್ರಾಯ್ಡ್ ಟ್ಯಾಬು: 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸಿಮ್ ಹಾಕುವ ಮಾದರಿ. ಅಪ್ಪ, ಅವ್ವ, ಅಜ್ಜಿ, ಪಿಯುಸಿ ಓದುವ ಮಗಳು, ನಾಲ್ವರಿಗೆ ನಾಲ್ಕು ಯೂಸರ್ ಪ್ರೊಫೈಲು, ಅಂದರೆ ಒಂದೇ ಟ್ಯಾಬಿನಲ್ಲಿ ತಲೆಗೊಂದು ಬೇರೆ ಕೋಣೆ. ಓಣಿಯ ಹುಡುಗರು ಬಂದರೆ ಗೆಸ್ಟ್. ಪ್ರೊಫೈಲ್ ಮಾಡುವುದು ಹೇಗೆ ಅನ್ನುವುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಕಾಡಿದ ಸಮಸ್ಯೆ ಇದು: ಮಗಳ ಪ್ರೊಫೈಲಿನಲ್ಲಿ ಗೂಗಲ್ ಫೋಟೋಸ್ ತೆರೆದರೆ ಅಪ್ಪನ ಪಾಸ್‌ಬುಕ್ಕು, ಪಹಣಿ, ಆಸ್ಪತ್ರೆ ಚೀಟಿಯ ಫೋಟೊಗಳು ಸಾಲಾಗಿ ಕಾಣುತ್ತಿದ್ದವು. ಅದಕ್ಕಿಂತ ಕೆಟ್ಟದ್ದೆಂದರೆ, ಮಗಳು ಟ್ಯಾಬಿನಲ್ಲಿ ತೆಗೆದ ಫೋಟೊ ಅಪ್ಪನ ಮೊಬೈಲಿಗೆ ಹೋಗಿ ಕೂರುತ್ತಿತ್ತು. ಪ್ರೊಫೈಲು ಬೇರೆ, ಪಿನ್ ಬೇರೆ, ಆದರೂ ಎರಡೂ ಕಡೆಯಿಂದ ಸೋರಿಕೆ.

ಮೊದಲ ಅನುಮಾನ ಬಿದ್ದದ್ದು ಮೆಮೊರಿ ಕಾರ್ಡಿನ ಮೇಲೆ. ಪೋರ್ಟಬಲ್ ಆಗಿ (ಕಿತ್ತು ಒಯ್ಯುವಂತೆ) ಹಾಕಿದ ಕಾರ್ಡಿಗೆ ಸಾಮಾನ್ಯವಾಗಿ ಎನ್‌ಕ್ರಿಪ್ಶನ್ (ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಗೂಢಲಿಪಿ) ಇರುವುದಿಲ್ಲ, ಕಿತ್ತು ಬೇರೆ ಮೊಬೈಲಿಗೆ ಹಾಕಿದರೆ ಎಲ್ಲ ತೆರೆಯುತ್ತದೆ. ತೆಗೆದು ನೋಡಿದರೂ ಫೋಟೊ ಹೋಗಲಿಲ್ಲ. (ಕಾರ್ಡನ್ನು ಮತ್ತೆ ಹಾಕಿಲ್ಲ. ಹಂಚಿಕೊಂಡ ಟ್ಯಾಬಿಗೆ ಅದು ಬೇಡವೇ ಬೇಡ.) ಒಂದು ಪ್ರೊಫೈಲಿನ ಫೈಲು ಇನ್ನೊಂದಕ್ಕೆ ಜಿಗಿಯುತ್ತಿದೆಯೇ ಅಂದರೆ ಅದಕ್ಕೂ ದಾರಿಯಿಲ್ಲ. 2016ರ ಆಂಡ್ರಾಯ್ಡ್ 7ರಲ್ಲಿ ಬಂದ ಫೈಲ್ ಮಟ್ಟದ ಎನ್‌ಕ್ರಿಪ್ಶನ್‌ನಲ್ಲಿ ಪ್ರತಿ ಯೂಸರಿಗೂ ಬೇರೆ ಕೀಲಿ. ಮಾಲೀಕನ ಪ್ರೊಫೈಲಿನಲ್ಲಿ ಕೂತವರು ಉಳಿದವರ ಪ್ರೊಫೈಲನ್ನು ಪೂರ್ತಿ ಅಳಿಸಬಹುದು, ಆದರೆ ಅವರ ಪಿನ್ ಇಲ್ಲದೆ ಒಳಗೆ ನೋಡಲಾಗದು.

ದಾರಿ ತೋರಿಸಿದ್ದು ಏರೋಪ್ಲೇನ್ ಮೋಡ್. ಮಗಳ ಪ್ರೊಫೈಲಿಗೆ ಹೋಗಿ, ಏರೋಪ್ಲೇನ್ ಮೋಡ್ ಹಾಕಿ, ಅಲ್ಲಿ ಒಮ್ಮೆಯೂ ತೆರೆಯದ ಹಳೆಯ ಫೋಟೊ ಒಂದನ್ನು ಒತ್ತಿ. ಈಗಾಗಲೇ ತೆರೆದದ್ದು ಕ್ಯಾಶ್‌ನಲ್ಲಿ (ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ನಕಲಿನಲ್ಲಿ) ಉಳಿದಿರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಫೋಟೊ ಮಸುಕಾಗಿಯೇ ನಿಂತರೆ ಅದು ಟ್ಯಾಬಿನಲ್ಲಿಲ್ಲ, ಕ್ಲೌಡಿನಿಂದ, ಅಂದರೆ ಇಂಟರ್ನೆಟ್ಟಿನ ಆಚೆಯ ಗೂಗಲ್ ಸರ್ವರಿನಿಂದ ಬರುತ್ತಿದೆ. ಫೈಲ್ಸ್ ಆ್ಯಪಿನಲ್ಲೂ ಹುಡುಕಿ ಖಾತ್ರಿ ಮಾಡಿಕೊಳ್ಳಿ. ಇಲ್ಲಿ ಅಪ್ಪನ ಒಂದು ಫೋಟೊವೂ ಸಿಗಲಿಲ್ಲ.

ಅಂದರೆ ತಲಬಾಗಿಲಿಗೆ ನಾಲ್ಕು ಕೀಲಿ ಜಡಿದು, ಹಿತ್ತಲ ಬಾಗಿಲು ತೆರೆದೇ ಬಿಟ್ಟಂತೆ ಆಗಿತ್ತು. ನಾಲ್ಕೂ ಪ್ರೊಫೈಲಿನಲ್ಲಿ ಇದ್ದದ್ದು ಅಪ್ಪನ ಒಂದೇ ಜಿಮೇಲ್. ಪ್ರೊಫೈಲು ಬೇರೆ ಮಾಡುವುದು ಟ್ಯಾಬಿನ ಜಾಗವನ್ನು ಮಾತ್ರ. ಖಾತೆ ಒಂದೇ ಆದರೆ ಫೋಟೊ, ಕ್ರೋಮ್ ಪಾಸ್‌ವರ್ಡು, ಕಾಂಟ್ಯಾಕ್ಟು, ಯೂಟ್ಯೂಬಿನಲ್ಲಿ ನೋಡಿದ್ದು, ಹುಡುಕಿದ್ದು ಎಲ್ಲ ಸರ್ವರಿನಲ್ಲಿ ಒಂದಾಗುತ್ತವೆ. ಹದಿನೇಳರ ಹುಡುಗಿ ತನ್ನ ಆರೋಗ್ಯದ ಬಗ್ಗೆ ಏನೋ ಹುಡುಕಿದ್ದು ಅಪ್ಪನ ಮೊಬೈಲಿನ ಹಿಸ್ಟರಿಯಲ್ಲಿ ಬಂದು ಬೀಳುವುದು ಸಣ್ಣ ಮಾತಲ್ಲ. ಗುಟ್ಟು ಅಂದರೆ ದೊಡ್ಡವರ ಬ್ಯಾಂಕಿನದು ಮಾತ್ರ ಅಂದುಕೊಂಡು ಟ್ಯಾಬು ಸಜ್ಜು ಮಾಡುವವರು ಇಲ್ಲೇ ತಪ್ಪುತ್ತಾರೆ.

ಈ ಒಂದೇ ಜಿಮೇಲ್ ಸಲಹೆ ಬಂದದ್ದು ಅಂಗಡಿಯಿಂದ. "ಒಂದs ಹಾಕ್ರಿ, ಸಲೀಸು ಆಕ್ಕೈತಿ" ಅನ್ನುತ್ತಾರೆ. ಸಲೀಸು ಅವರಿಗೆ, ಐದು ನಿಮಿಷದಲ್ಲಿ ಗಿರಾಕಿ ಎದ್ದು ಹೋಗುತ್ತಾನೆ. ಕೆಲವು ಕಡೆ ಅಂಗಡಿಯವರದೇ ಜಿಮೇಲ್ ಹಾಕಿ ಕೊಡುತ್ತಾರೆ, ಅದು ಇನ್ನೂ ಅಪಾಯ. 2015ರ ಆಂಡ್ರಾಯ್ಡ್ 5.1ರಲ್ಲಿ ಬಂದ ರೀಸೆಟ್ ರಕ್ಷಣೆಯಿಂದಾಗಿ, ರಿಕವರಿ ಮೆನುವಿನಿಂದ (ಟ್ಯಾಬು ಶುರುವಾಗುವಾಗ ಗುಂಡಿ ಒತ್ತಿ ತೆರೆಯುವುದು) ಫ್ಯಾಕ್ಟರಿ ರೀಸೆಟ್ ಮಾಡಿ ಎಲ್ಲ ಅಳಿಸಿದರೆ ಟ್ಯಾಬು ಆ ಹಳೆಯ ಖಾತೆಯನ್ನೇ ಕೇಳುತ್ತದೆ, ಅದರ ಪಾಸ್‌ವರ್ಡು ಇರುವುದು ಅಂಗಡಿಯವರ ಹತ್ತಿರ. ಡಬ್ಬಿಯ ಮೇಲಂತೂ ರ‍್ಯಾಮ್, ಕ್ಯಾಮೆರಾ ಎಲ್ಲ ಅಚ್ಚಾಗಿರುತ್ತದೆ, ಮಲ್ಟಿಪಲ್ ಯೂಸರ್ಸ್ (ಹಲವು ಪ್ರೊಫೈಲು ಮಾಡುವ ಸೌಲಭ್ಯ) ಇದೆಯೋ ಇಲ್ಲವೋ ಅಚ್ಚಾಗಿರುವುದಿಲ್ಲ. ಕೆಲವು ತಯಾರಕರು ಅದನ್ನು ತೆಗೆದುಹಾಕಿರುತ್ತಾರೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆಸಿ ನೋಡಿ.

ಸರಿಪಡಿಸುವಾಗ ಕೈ ಎಳೆಯುವ ಮೊದಲ ತಪ್ಪು: ಮಗಳ ಪ್ರೊಫೈಲಿನಲ್ಲಿ ಅಪ್ಪನ ಫೋಟೊಗಳನ್ನು ಒಂದೊಂದಾಗಿ ಡಿಲೀಟ್ ಮಾಡುವುದು. ಮಾಡಲೇಬೇಡಿ. ಅಲ್ಲಿ ಅಳಿಸಿದ್ದು ಖಾತೆಯಿಂದಲೇ ಅಳಿಯುತ್ತದೆ, ಅಪ್ಪನ ಮೊಬೈಲಿನಲ್ಲೂ ಮಾಯ. ಆಗಿಹೋಗಿದ್ದರೆ ಟ್ರ್ಯಾಶ್ ನೋಡಿ, ಬ್ಯಾಕಪ್ ಆದ ಫೋಟೊ ಅಲ್ಲಿ 60 ದಿನ ಇರುತ್ತದೆ. ಬ್ಯಾಕಪ್ ಬಂದ್ ಮಾಡಿದರೂ ಸಾಲದು. ಮುಂದೆ ತೆಗೆಯುವುದು ಮೇಲೆ ಹೋಗುವುದಿಲ್ಲ ಅಷ್ಟೇ, ಮೇಲಿರುವುದು ಕಾಣುತ್ತಲೇ ಇರುತ್ತದೆ.

ಖಾತೆಯನ್ನು ಮಾತ್ರ ತೆಗೆದು ಹೊಸದು ಸೇರಿಸುವುದೂ ಒಂದು ದಾರಿ. ಆದರೆ ಕೀಬೋರ್ಡು ಕಲಿತ ಪದಗಳು, ಕ್ರೋಮ್ ತಾನೇ ತುಂಬುವ ಹೆಸರು-ವಿಳಾಸ (ಆಟೋಫಿಲ್ಲು) ಹೀಗೆ ಚೂರುಪಾರು ಉಳಿಯುತ್ತದೆ. ಒಂದೊಂದೇ ಆರಿಸುವ ಬದಲು ಇಡೀ ಪ್ರೊಫೈಲನ್ನೇ ಅಳಿಸಿ ಹೊಸದು ಕಟ್ಟಿದ್ದು ಫಲಿಸಿತು. ಕ್ರಮ ಹೀಗಿತ್ತು. ಮಗಳು ತೆಗೆದ ಫೋಟೊಗಳನ್ನು ಕ್ವಿಕ್ ಶೇರ್‌ನಲ್ಲಿ (ಹತ್ತಿರದ ಮೊಬೈಲಿಗೆ ಫೈಲು ಕಳಿಸುವ ಆಂಡ್ರಾಯ್ಡ್ ಸೌಲಭ್ಯ) ಒಂದು ಮೊಬೈಲಿಗೆ ಇಳಿಸಿಕೊಂಡು, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳುವುದು, ಯಾಕೆಂದರೆ ಅಳಿಸಿದ ಪ್ರೊಫೈಲು ಮರಳಿ ಬಾರದು. ಆಮೇಲೆ ಮಾಲೀಕನ ಪ್ರೊಫೈಲಿನಿಂದ ಯೂಸರ್ಸ್ ಪುಟದಲ್ಲಿ ಅಳಿಸುವುದು. ಹೊಸದು ಮಾಡುವಾಗ ಟ್ಯಾಬನ್ನು ಮಗಳ ಕೈಗೇ ಕೊಡುವುದು: ಅವಳದೇ ಜಿಮೇಲ್, ಅವಳೇ ಇಟ್ಟ 6 ಅಂಕಿಯ ಪಿನ್. (13 ತುಂಬದ ಮಕ್ಕಳಿಗೆ ಖಾತೆಯನ್ನು ಪಾಲಕರೇ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಾಡಬೇಕು.) ಅವಳದೇ ಫೋಟೊಗಳು ಅಪ್ಪನ ಖಾತೆಯಲ್ಲಿ ಉಳಿದಿರುತ್ತವಲ್ಲ, ಅವನ್ನು ಇಬ್ಬರೂ ಕೂತು ಕೊನೆಯಲ್ಲಿ ತೆಗೆಯುವುದು. ಅಜ್ಜಿಯ ಹೊಸ ಪ್ರೊಫೈಲಿಗೆ ಖಾತೆಯನ್ನೇ ಹಾಕಿಲ್ಲ. ಭಜನೆ ಕೇಳುವ ಯೂಟ್ಯೂಬು, ಕ್ಯಾಮೆರಾ ಎರಡೂ ಖಾತೆಯಿಲ್ಲದೆ ನಡೆಯುತ್ತವೆ.

ಪ್ಯಾಟರ್ನ್ ಲಾಕ್ ಬೇಡ. ಮಿರ್ಚಿ ಮಂಡಕ್ಕಿ ತಿಂದ ಬೆರಳಲ್ಲಿ ಎಳೆದ ಗೆರೆ ಗಾಜಿನ ಮೇಲೆ ಹಾಗೇ ಉಳಿಯುತ್ತದೆ, ಬೆಳಕಿಗೆ ಓರೆ ಹಿಡಿದರೆ ಸಾಕು. ಹುಟ್ಟಿದ ವರ್ಷವೂ ಪಿನ್ ಅಲ್ಲ, ಮನೆಮಂದಿಗೆಲ್ಲ ಗೊತ್ತಿರುತ್ತದೆ. ಇದೇ ಕಾರಣಕ್ಕೆ ಇ-ಆಧಾರ್ ಪಿಡಿಎಫ್ ಮನೆಯೊಳಗೆ ಬೀಗವೇ ಅಲ್ಲ: ಅದರ ಪಾಸ್‌ವರ್ಡು ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ಇಸವಿ. ಟ್ಯಾಬಿನಲ್ಲಿ ಇಡಲೇಬೇಕಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ.

ಸಿಮ್ಮಿನದು ಇನ್ನೊಂದು ಕಿಂಡಿ. ಯೂಸರ್ಸ್ ಪುಟದಲ್ಲಿ ಪ್ರತಿ ಹೆಸರಿನ ಒಳಗೂ ಫೋನ್ ಕರೆ ಮತ್ತು ಎಸ್ಸೆಮ್ಮೆಸ್ ಬಿಡುವ ಗುಂಡಿ ಇದೆ. ಅದನ್ನು ಒತ್ತಿದರೆ ಕರೆ, ಸಂದೇಶಗಳ ಇತಿಹಾಸ ಆ ಯೂಸರಿಗೂ ಕಾಣುತ್ತದೆ. ಬಂದ್ ಇರಲಿ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನಂತೂ ಟ್ಯಾಬಿಗೆ ಹಾಕಬೇಡಿ. ಅವ್ವನ ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾದ ಸುದ್ದಿ ಮೊದಲು ಅವ್ವನಿಗೇ ತಿಳಿಯಬೇಕು. ಲಾಕ್ ಸ್ಕ್ರೀನಿನಲ್ಲಿ ಸೂಕ್ಷ್ಮ ನೋಟಿಫಿಕೇಶನ್ ತೋರಿಸುವುದನ್ನೂ ಪ್ರತಿ ಪ್ರೊಫೈಲಿನಲ್ಲಿ ಬೇರೆಬೇರೆಯಾಗಿ ಬಂದ್ ಮಾಡಬೇಕು.

ಖಾತೆಗಳು ಬೇರೆಯಾದ ಮೇಲೆ ಹೊಸ ಕೊರತೆ ಕಂಡಿತು: ಗವಿಮಠದ ಜಾತ್ರೆಯ ಫೋಟೊದಂಥವು ಎಲ್ಲರಿಗೂ ಬೇಕು. ಮುಂದಿನ ಕೆಲಸ ಅದೇ, ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಸಾಂಬಾ (ಮನೆಯ ವೈಫೈಯಲ್ಲಿ ಫೋಲ್ಡರು ಹಂಚುವ ಸಾಫ್ಟ್‌ವೇರು) ಹಾಕಿ ಒಂದು ಸಾಮಾನ್ಯ ಫೋಲ್ಡರು, ತಲೆಗೊಂದು ಖಾಸಗಿ ಫೋಲ್ಡರು. ಪೈಗೆ ಚಾರ್ಜರು 5.1 ವೋಲ್ಟ್ 3 ಆಂಪಿಯರಿನದೇ ಆಗಬೇಕು, ಮೊಬೈಲ್ ಚಾರ್ಜರಿನಿಂದ ವೋಲ್ಟೇಜ್ ಕುಸಿಯಬಹುದು. ಚಿಪ್ಪು 80 ಡಿಗ್ರಿಗೆ ವೇಗ ಇಳಿಸಿಕೊಳ್ಳುವುದರಿಂದ, ನಮ್ಮ ಮೇ ತಿಂಗಳ ಬಿಸಿಲಿಗೆ ಅಲ್ಯುಮಿನಿಯಂ ಕೇಸು ಬೇಕೇ ಬೇಕು. ಕರೆಂಟು ಹೋಗಿ ಪೈಯ ಮೆಮೊರಿ ಕಾರ್ಡು ಕೆಟ್ಟರೂ ಉಳಿಯುವಂತೆ ಫೋಟೊಗಳನ್ನು ಬೇರೆ ಡಿಸ್ಕಿಗೆ (ಎಸ್‌ಎಸ್‌ಡಿ) ಹಾಕುವ ಯೋಚನೆ.

ಅದಕ್ಕೂ ಮುಂಚೆ ಅವ್ವನ ಪ್ರೊಫೈಲು ಬಾಕಿ ಇದೆ. ಅವರ ಪಾಸ್‌ವರ್ಡುಗಳು ಅಪ್ಪನ ಖಾತೆಯಲ್ಲೇ ಉಳಿದಿವೆ. ಮೊದಲು ಅವನ್ನು ಹಾಳೆಗೆ ಬರೆದು ಟ್ರಂಕಿನಲ್ಲಿ ಇಡಬೇಕು. ಆಮೇಲೆಯೇ ಪ್ರೊಫೈಲು ಅಳಿಸುವುದು.